ಬಿರುದು ನೋಡಿ ಕಲಾವಿದರನ್ನು ಕರೆಯುವವರಿಗೆ

ರಾಮನವಮಿಯ ಸಂಗೀತ ಕಛೇರಿಗೆ ಯಾರನ್ನು ಕರೆಯಬೇಕೆಂದು ಚರ್ಚೆಗೆ ಕುಳಿತರೆ, ಕಣ್ಣು ಮೊದಲು ಹೋಗುವುದು ಹೆಸರಿನ ಕೆಳಗಿರುವ ಬಿರುದಿನ ಸಾಲಿಗೆ. ಆ ಸಾಲುಗಳೆಲ್ಲ ಒಂದೇ ತೂಕದವಲ್ಲ.

ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಕರ್ನಾಟಕ ಸಂಗೀತಕ್ಕೆ ಕೊಡುವ ಸಂಗೀತ ಕಲಾನಿಧಿ ಬಿರುದು ಸಾಮಾನ್ಯವಾಗಿ ವರ್ಷಕ್ಕೊಬ್ಬರಿಗೆ. ಪಡೆದವರ ವಿದ್ವತ್ತಿನ ಬಗ್ಗೆ ಅನುಮಾನ ಬೇಡ. ಆದರೆ ಪಡೆಯದವರನ್ನೂ ನೆನೆಯಿರಿ: ಪಿಟೀಲಿನಲ್ಲಿ ತಮ್ಮದೇ ಶೈಲಿ ಕಟ್ಟಿದ ಲಾಲ್ಗುಡಿ ಜಯರಾಮನ್, ನಿಧಾನಗತಿಯ ಹಾಡಿಕೆಯ ಗಾಂಭೀರ್ಯಕ್ಕೆ ಹೆಸರಾದ ಎಂ.ಡಿ. ರಾಮನಾಥನ್. ಮಹಿಳೆಯೊಬ್ಬರಿಗೆ ಅದು ಮೊದಲು ಸಿಕ್ಕಿದ್ದು 1968ರಲ್ಲಿ, ಎಂ.ಎಸ್. ಸುಬ್ಬುಲಕ್ಷ್ಮಿ ಅವರಿಗೆ. ಅಷ್ಟು ತಡವಾಗಿದ್ದಕ್ಕೆ ಕಲೆ ಕಾರಣವಲ್ಲ ಎಂದೇ ನನ್ನ ನಂಬಿಕೆ.

ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಹರವು ದೊಡ್ಡದು. ಶಾಸ್ತ್ರೀಯ ಸಂಗೀತದ ಜೊತೆಗೆ ಜನಪದ, ಗೊಂಬೆಯಾಟಕ್ಕೂ ಅಲ್ಲಿ ಜಾಗವಿದೆ. ಅದರ ದೋಷ ವಿಳಂಬ. 2023ರಲ್ಲಿ, 75 ದಾಟಿದರೂ ಯಾವ ರಾಷ್ಟ್ರೀಯ ಗೌರವವನ್ನೂ ಕಾಣದ 84 ಕಲಾವಿದರಿಗೆ ಒಂದೇ ದಿನ ಅಮೃತ ಪ್ರಶಸ್ತಿ ನೀಡಲಾಯಿತು. ಸಂತೋಷವಾಯಿತು, ಹೊಟ್ಟೆಯೂ ಉರಿಯಿತು. ಅವರ ಕಂಠ ಗಟ್ಟಿಯಿದ್ದಾಗ ಎಲ್ಲಿದ್ದೆವು?

ರಾಜ್ಯೋತ್ಸವ ಪ್ರಶಸ್ತಿಯ ಲೆಕ್ಕವೇ ಬೇರೆ. 2024ರಲ್ಲಿ 69 ಮಂದಿಗೆ, ಎಲ್ಲ ಕ್ಷೇತ್ರಗಳೂ ಸೇರಿ. ಹಳ್ಳಿಯ ಕಲಾವಿದರಿಗೂ ತಲುಪುತ್ತದೆ. ಶಿಫಾರಸಿನ ದೂರೂ ತಪ್ಪುವುದಿಲ್ಲ.

ದೊಡ್ಡ ಸಭಾಂಗಣ ತುಂಬಬೇಕಿದ್ದರೆ ಕಲಾನಿಧಿಗಳನ್ನೇ ಕರೆಯಿರಿ. ನೂರು ಜನರ ದೇವಸ್ಥಾನದ ಅಂಗಳವಾದರೆ, ನಾನು ಬಿರುದಿಲ್ಲದ ವಿದ್ವಾಂಸರ ಜಗಲಿಯಲ್ಲಿ ಕುಳಿತು, ಅರ್ಧ ಗಂಟೆ ತೋಡಿ ರಾಗ ಕೇಳಿ, ಅಲ್ಲಿಯೇ ವೀಳ್ಯ ಕೊಟ್ಟು ಬರುತ್ತೇನೆ.