ಸೆಂಟ್‌ಓಎಸ್ ಸ್ಟ್ರೀಮ್ 10: ಸಾರು ಇಳಿಸುವ ಮುಂಚೆ ಉಪ್ಪು ನೋಡುವವರಿಗೆ

ಮೊದಲೇ ಹೇಳಿಬಿಡುತ್ತೇನೆ, 2020ರ ಡಿಸೆಂಬರ್‌ನಲ್ಲಿ ಸಿಟ್ಟಾದವರಲ್ಲಿ ನಾನೂ ಒಬ್ಬ. ಸೆಂಟ್‌ಓಎಸ್ ಅಂದರೆ ರೆಡ್ ಹ್ಯಾಟ್ ಕಂಪನಿಯ ಸರ್ವರ್ ಲಿನಕ್ಸ್‌ನ ಪುಕ್ಕಟೆ ನಕಲು. ಅದರ 8ನೇ ಆವೃತ್ತಿಯನ್ನು 2029ರವರೆಗೆ ಓಡಿಸಬಹುದು ಅಂತ ನಂಬಿ ಕೂತಿದ್ದೆವು. 2021ರ ಕೊನೆಗೇ ಮುಗಿಯುತ್ತದೆ, ಇನ್ನು ಸ್ಟ್ರೀಮ್ ಬಳಸಿ ಅಂದರು ಸೆಂಟ್‌ಓಎಸ್‌ನವರು. ಸ್ಟ್ರೀಮ್ ಅಂದರೆ ರೆಡ್ ಹ್ಯಾಟ್ ಲಿನಕ್ಸ್‌ನ ಮುಂದಿನ ಆವೃತ್ತಿ ಬೇಯುತ್ತಿರುವ ಪಾತ್ರೆ. ‘ನಮ್ಮನ್ನ ಪುಕ್ಕಟೆ ಟೆಸ್ಟರ್ ಮಾಡ್ತಿದಾರೆ’ ಅಂತ ಬೈದು ಮೂರು ಸರ್ವರ್‌ಗಳನ್ನು ಬೇರೆ ಕಡೆ ಸಾಗಿಸಿದೆ.

2024ರ ಡಿಸೆಂಬರ್‌ನಲ್ಲಿ ಸ್ಟ್ರೀಮ್ 10 ಬಂತು. ಸುಮ್ನೆ ನೋಡೋಣ ಅಂತ ಮೇಜಿನ ಕೆಳಗಿದ್ದ 2012ರ ಹಳೇ ಡಬ್ಬಕ್ಕೆ ಪೆನ್‌ಡ್ರೈವ್ ಚುಚ್ಚಿದೆ. ಕಪ್ಪು ಪರದೆ, ಅದರಲ್ಲಿ ಲಿನಕ್ಸ್‌ನ ಮೂಲ ಲೈಬ್ರರಿ ಗ್ಲಿಬ್‌ಸಿಯ ಬೈಗುಳ: ಈ ಸಿಪಿಯುಗೆ ಎಕ್ಸ್86-64-ವಿ3 (ಹೊಸ ಪ್ರೊಸೆಸರ್‌ಗಳಿಗೆ ಗೊತ್ತಿರುವ ಆಜ್ಞೆಗಳ ಮಟ್ಟ) ಬರುವುದಿಲ್ಲ. ಅಷ್ಟೇ, ಕರ್ನಲ್ ಮಲಗಿತು. ಎವಿಎಕ್ಸ್2 ಅನ್ನುವ ಆಜ್ಞೆಗಳ ಗುಂಪು ಇರುವ ಪ್ರೊಸೆಸರ್ ಬೇಕಂತೆ, ಇಂಟೆಲ್‌ನಲ್ಲಾದರೆ 2013ರ ಹ್ಯಾಸ್‌ವೆಲ್‌ನಿಂದ ಈಚಿನದು. ರಿಲೀಸ್ ನೋಟ್ಸ್‌ನಲ್ಲಿ ಬರೆದಿತ್ತು. ಓದದೆ ಹೋದದ್ದು ನಾನೇ.

ಬೇರೆ ಯಂತ್ರದಲ್ಲಿ ಹಾಕಿದೆ. ಇಲ್ಲಿಂದ ಮಜಾ ಶುರು. ನಮ್ಮ ಸ್ಕ್ರಿಪ್ಟ್‌ಗಳೆಲ್ಲ ರೆಡಿಸ್ ಅನ್ನುವ ಡೇಟಾಬೇಸ್ ಹುಡುಕುತ್ತವೆ, ಇಲ್ಲಿ ರೆಡಿಸ್ಸೇ ಇಲ್ಲ. ಆ ವರ್ಷ ಮಾರ್ಚ್‌ನಲ್ಲಿ ಅದರ ಲೈಸೆನ್ಸ್ ಬದಲಾಯಿತಲ್ಲ, ಅದರ ಜಾಗಕ್ಕೆ ಅದರದ್ದೇ ಮುಕ್ತ ಕವಲು ವಾಲ್ಕಿ ಬಂದು ಕೂತಿದೆ. ನೆಟ್‌ವರ್ಕ್ ಹೊಂದಿಸುವ ಹಳೇ ಐಎಫ್‌ಸಿಎಫ್‌ಜಿ ಫೈಲುಗಳೂ ನಡೆಯುವುದಿಲ್ಲ. ಹದಿನೈದು ವರ್ಷದ ಕೈಚಳಕ ಒಂದೇ ಸಂಜೆಯಲ್ಲಿ ಉಪಯೋಗಕ್ಕೆ ಬಾರದಾಯಿತು. ಆದರೆ ಇದರಿಂದಲೇ ತಯಾರಾಗುವ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10 ಹೊರಬಂದದ್ದು 2025ರ ಮೇನಲ್ಲಿ. ಅಷ್ಟರಲ್ಲಿ ನನ್ನ ಸ್ಕ್ರಿಪ್ಟ್‌ಗಳು ರೆಡಿಯಾಗಿದ್ದವು.

ನನಗೆ ಹುಚ್ಚು ಹಿಡಿಸಿದ್ದು ಇಪೆಲ್, ಅಂದರೆ ಇದಕ್ಕೆ ಬೇಕಾದ ಹೆಚ್ಚುವರಿ ಸಾಫ್ಟ್‌ವೇರ್‌ಗಳನ್ನು ಫೆಡೋರಾ ಸಮುದಾಯದವರು ಕಟ್ಟಿ ಇಡುವ ಭಂಡಾರ. ಡಿಸ್ಕ್ ಅನ್ನು ಯಾವ ಫೋಲ್ಡರ್ ತಿಂದಿದೆ ಅಂತ ತೋರಿಸುವ ಒಂದು ಪುಟ್ಟ ಟೂಲ್ ಇಪೆಲ್ 10ರಲ್ಲಿ ಇರಲಿಲ್ಲ. ದೂರು, ಕೋರಿಕೆ ಹಾಕುವ ತಾಣ ಬಗ್‌ಜಿಲ್ಲಾದಲ್ಲಿ ಎರಡು ಸಾಲು ಬರೆದೆ: ಇದನ್ನು 10ಕ್ಕೂ ಕಟ್ಟಿಕೊಡ್ತೀರಾ? ಎರಡು ವಾರದಲ್ಲಿ ಬಿಲ್ಡ್ ಆಗಿ ಟೆಸ್ಟಿಂಗ್‌ಗೆ ಬಂತು. ಆಮೇಲೆ ಅದನ್ನು ಹಾಕಿ, ಓಡಿಸಿ, ಸರಿ ಇದೆ ಅಂತ ಹೇಳಬೇಕು. ಹೇಳುವ ಜಾಗದ ಹೆಸರು ಬೋಧಿ. ಕೊಡುವ ಅಂಕದ ಹೆಸರು ಕರ್ಮ! ‘ಏನ್ ಮಾಡ್ತಿದೀರಿ ಇಷ್ಟೊತ್ತಲ್ಲಿ’ ಅಂತ ಹೆಂಡತಿ ಕೇಳಿದರೆ ‘ಕರ್ಮ ಕೊಡ್ತಿದೀನಿ’ ಅಂದೆ. ‘ನನ್ನ ಕರ್ಮ’ ಅಂದಳು.

ಕೊರತೆ ಇಲ್ಲವೇ? ಇದೆ. ಇದರ ಕೋಡ್ ಇರುವ ಗಿಟ್‌ಲ್ಯಾಬ್‌ನಲ್ಲಿ ಯಾರು ಬೇಕಾದರೂ ಮರ್ಜ್ ರಿಕ್ವೆಸ್ಟ್ (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಹಾಕಬಹುದು, ಆದರೆ ಕೊನೇ ಮಾತು ರೆಡ್ ಹ್ಯಾಟ್ ಎಂಜಿನಿಯರುಗಳದ್ದೇ. ಉಪ್ಪು ಜಾಸ್ತಿ ಅಂತ ನಾವು ಹೇಳಬಹುದು, ಸೌಟು ಅವರ ಕೈಲಿ. 10.1, 10.2 ಅಂತ ನಿಲ್ದಾಣಗಳೂ ಇಲ್ಲ, ಅಪ್‌ಡೇಟ್ ಹರಿಯುತ್ತಲೇ ಇರುತ್ತದೆ. ಆಯಸ್ಸು ಸುಮಾರು ಐದು ವರ್ಷ, ರೆಡ್ ಹ್ಯಾಟ್‌ನದ್ದು ಹತ್ತು. ಹಾಗಾಗಿ ಲೆಕ್ಕಪತ್ರದ ಸರ್ವರ್‌ಗೆ ಇದನ್ನು ಹಾಕಿಲ್ಲ, ಹಾಕುವುದೂ ಇಲ್ಲ. ಟೆಸ್ಟ್ ಸರ್ವರ್ ಮತ್ತು ಬ್ಯಾಕಪ್ ಯಂತ್ರ ಇದರಲ್ಲೇ ಓಡುತ್ತಿವೆ. ನಾನು ಕೊಡುವ ಅಂಕ ಐದಕ್ಕೆ ನಾಲ್ಕು.

ಆ 2012ರ ಡಬ್ಬಕ್ಕೆ ಈಗ ರೆಡ್ ಹ್ಯಾಟ್‌ಗೆ ಹೊಂದುವ ಇನ್ನೊಂದು ಪುಕ್ಕಟೆ ಲಿನಕ್ಸ್, ಅಲ್ಮಾಲಿನಕ್ಸ್ 10 ಹಾಕಿದ್ದೇನೆ. ಅವರು ಹಳೇ ಸಿಪಿಯುಗಳಿಗೆ ಅಂತ ವಿ2 ಬಿಲ್ಡ್ ಬೇರೆಯೇ ಕೊಡುತ್ತಾರೆ. ಫ್ಯಾನ್ ಮಾತ್ರ ರುಬ್ಬುಗುಂಡಿನ ಹಾಗೆ ಸದ್ದು ಮಾಡುತ್ತದೆ.