ನಿಕೋಟಿನ್ ಗಮ್ 2 ಮಿ.ಗ್ರಾಂ: ಖಿನ್ನತೆ ಇರುವವರು ಸಿಗರೇಟು ಬಿಡುವಾಗ ಇದು ಎಷ್ಟರ ಮಟ್ಟಿಗೆ ಕೈಹಿಡಿಯುತ್ತದೆ

ಮೆಡಿಕಲ್ ಶಾಪಿನಲ್ಲಿ ವೈದ್ಯರ ಚೀಟಿ ಇಲ್ಲದೆ ಸಿಗುವ 2 ಮಿ.ಗ್ರಾಂ ನಿಕೋಟಿನ್ ಗಮ್ಮಿನ ಬಗ್ಗೆ ಈ ವಿಮರ್ಶೆ. ಹನ್ನೆರಡು ವಾರದ ಪೂರ್ತಿ ಕೋರ್ಸು, ಆಮೇಲೆ ಇಳಿಸುತ್ತ ಬಂದ ತಿಂಗಳುಗಳು, ಎರಡೂ ಲೆಕ್ಕದಲ್ಲಿವೆ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರನ್ನು, ಇಲ್ಲವೇ ಹಿಂದೊಮ್ಮೆ ಖಿನ್ನತೆಗೆ ಬಿದ್ದು ಎದ್ದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ತಲಬಿಗೆ, ಅಂದರೆ ಸೇದಬೇಕೆಂಬ ತುಡಿತಕ್ಕೆ, ಐದಕ್ಕೆ ನಾಲ್ಕು ಅಂಕ. ಮನಸ್ಸಿನ ಮಂಕಿಗೆ ಐದಕ್ಕೆ ಎರಡು. ಎರಡನೆಯ ಅಂಕ ಕಡಿಮೆಯಾದದ್ದಕ್ಕೆ ಗಮ್ಮನ್ನು ದೂರುವಂತಿಲ್ಲ, ಅದು ಖಿನ್ನತೆಯ ಔಷಧಿಯೇ ಅಲ್ಲ. ಆದರೆ ಅದನ್ನು ಅರ್ಧಂಬರ್ಧ ಬಳಸಿ, ಅದರಿಂದ ಬಂದ ಕಿರಿಕಿರಿಯನ್ನೇ ಖಿನ್ನತೆ ಎಂದುಕೊಂಡು ಮತ್ತೆ ಸಿಗರೇಟಿಗೆ ಮರಳುವವರು ತುಂಬಾ ಜನ. ಆ ಗೊಂದಲ ಬಿಡಿಸುವುದೇ ಇಲ್ಲಿ ಮುಖ್ಯ.

ಮೊದಲು ಅಗಿಯುವ ವಿಷಯ. ಮಾಮೂಲಿ ಚ್ಯೂಯಿಂಗ್ ಗಮ್ಮಿನ ಹಾಗೆ ಅಗಿದರೆ ಕೆಟ್ಟಿತು. ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯಬೇಕು. ಹತ್ತು ಹದಿನೈದು ಸಲ ಅಗಿಯುವಷ್ಟರಲ್ಲಿ ನಾಲಿಗೆಗೆ ಕಾಳುಮೆಣಸು ತಾಗಿದಂತೆ ಚುರುಚುರು ಅನ್ನುತ್ತದೆ. ಆಗ ಅಗಿಯುವುದನ್ನು ನಿಲ್ಲಿಸಿ, ಗಮ್ಮನ್ನು ಕೆನ್ನೆಗೂ ವಸಡಿಗೂ ನಡುವೆ ತಳ್ಳಿ ಸುಮ್ಮನೆ ಇಟ್ಟುಕೊಳ್ಳಬೇಕು. ಒಂದು ನಿಮಿಷದಲ್ಲಿ ಚುರುಕು ಇಳಿಯುತ್ತದೆ. ಮತ್ತೆ ನಾಲ್ಕೈದು ಸಲ ಅಗಿದು, ಈ ಸಲ ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ. ಇಷ್ಟು ತಾಳ್ಮೆ ಏಕೆಂದರೆ ನಿಕೋಟಿನ್ ರಕ್ತಕ್ಕೆ ಸೇರಬೇಕಾದದ್ದು ಬಾಯಿಯ ಒಳಚರ್ಮದಿಂದ. ಕಚಪಚ ಅಗಿದು ಜೊಲ್ಲನ್ನು ನುಂಗಿದರೆ ಅದು ಹೊಟ್ಟೆಗೆ ಹೋಗುತ್ತದೆ, ಅಲ್ಲಿಂದ ಲಿವರ್ ದಾಟುವಷ್ಟರಲ್ಲಿ ಬಹುಪಾಲು ಹಾಳಾಗುತ್ತದೆ. ಉಳಿಯುವುದು ಬಿಕ್ಕಳಿಕೆ, ಎದೆಯುರಿ, ಹೊಟ್ಟೆ ತೊಳಸು. "ಗಮ್ ನನ್ನ ದೇಹಕ್ಕೆ ಆಗಿಬರಲಿಲ್ಲ" ಎನ್ನುವವರಲ್ಲಿ ಹೆಚ್ಚಿನವರು ಅಗಿದ ರೀತಿಯೇ ಹೀಗಿರುತ್ತದೆ. ಪಾನ್ ರುಚಿಯ ಗಮ್ ತೆಗೆದುಕೊಂಡವರು ವಿಶೇಷವಾಗಿ ಗಮನವಿಡಿ, ಎಲೆಅಡಿಕೆ ಮೆಲ್ಲುವ ರೂಢಿ ತಾನಾಗಿ ಬಂದುಬಿಡುತ್ತದೆ.

ಎರಡನೆಯ ತಪ್ಪು ಕಾಫಿ. ಕಾಫಿ, ಹಣ್ಣಿನ ರಸ, ಸೋಡಾ, ಮಜ್ಜಿಗೆ, ಹುಣಸೆ ಹುಳಿಯ ಸಾರು ಇವೆಲ್ಲ ಬಾಯಿಯನ್ನು ಹುಳಿಯಾಗಿಸುತ್ತವೆ. ಹುಳಿ ಬಾಯಿಯಲ್ಲಿ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಗಮ್ ಹಾಕಿಕೊಳ್ಳುವ ಹದಿನೈದು ನಿಮಿಷ ಮೊದಲು ಮತ್ತು ಬಾಯಿಯಲ್ಲಿರುವಷ್ಟು ಹೊತ್ತು ನೀರು ಬಿಟ್ಟು ಬೇರೇನೂ ಬೇಡ. ಊಟ ಮುಗಿದ ತಕ್ಷಣ ತಲಬು ಬರುವವರು ಬಾಯಿ ಚೆನ್ನಾಗಿ ಮುಕ್ಕಳಿಸಿ, ಸ್ವಲ್ಪ ತಡೆದು ಹಾಕಿಕೊಳ್ಳಬೇಕು.

ಇನ್ನು ಪ್ರಮಾಣ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 2 ಮಿ.ಗ್ರಾಂ ಸಾಲುವುದಿಲ್ಲ, ಅವರಿಗೆ 4 ಮಿ.ಗ್ರಾಂ ಬೇಕು. ಅದಕ್ಕೆ ವೈದ್ಯರ ಚೀಟಿ ಬೇಕಾಗುತ್ತದೆ. ಬೀಡಿ ಸಣ್ಣದು ಎಂದು ಲೆಕ್ಕ ಕಡಿಮೆ ಹಿಡಿಯಬೇಡಿ, ನಿಕೋಟಿನ್ ವಿಷಯದಲ್ಲಿ ಬೀಡಿ ಸಿಗರೇಟಿಗಿಂತ ಸೌಮ್ಯವೇನಲ್ಲ. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ದಿನಕ್ಕೆ ಒಂಬತ್ತಕ್ಕೆ ಕಡಿಮೆ ಇಲ್ಲದಂತೆ. ಏಳರಿಂದ ಒಂಬತ್ತನೆಯ ವಾರ ಎರಡರಿಂದ ನಾಲ್ಕು ಗಂಟೆಗೊಂದು. ಹತ್ತರಿಂದ ಹನ್ನೆರಡನೆಯ ವಾರ ನಾಲ್ಕರಿಂದ ಎಂಟು ಗಂಟೆಗೊಂದು. 2 ಮಿ.ಗ್ರಾಂ ಗಮ್ ದಿನಕ್ಕೆ 24 ದಾಟಬಾರದು. ಅಷ್ಟಕ್ಕೆ ಹೋಗುವವರು ತೀರಾ ಕಡಿಮೆ. ಎಲ್ಲರೂ ಎಡವುವುದು ಇದಕ್ಕೆ ತದ್ವಿರುದ್ಧವಾಗಿ: ದಿನಕ್ಕೆ ಹದಿನೈದು ಸಿಗರೇಟು ಸೇದುತ್ತಿದ್ದವರು ಮೂರು ಗಮ್ಮಿನಲ್ಲಿ ದಿನ ದೂಡಲು ನೋಡುತ್ತಾರೆ. ಒಂದು ಗಮ್ಮಿನಲ್ಲಿ ಬರೆದಿರುವ 2 ಮಿ.ಗ್ರಾಂನಲ್ಲಿ ದೇಹಕ್ಕೆ ಸಿಗುವುದು ಹೆಚ್ಚುಕಡಿಮೆ ಅರ್ಧ. ಅದೂ ಸಿಗರೇಟಿನಂತೆ ಕೆಲವೇ ಸೆಕೆಂಡಿನಲ್ಲಿ ಮಿದುಳಿಗೆ ಏರುವುದಿಲ್ಲ, ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ಆದ್ದರಿಂದ ತಲಬು ತಲೆಗೇರಿದ ಮೇಲೆ ಹಾಕಿಕೊಳ್ಳುವುದಲ್ಲ, ಗಡಿಯಾರ ನೋಡಿ ಹಾಕಿಕೊಳ್ಳುವುದು.

ಈಗ ಮನಸ್ಸಿನ ಮಾತು. ಸಿಗರೇಟು ನಿಲ್ಲಿಸಿದ ಮೊದಲ ದಿನದಿಂದಲೇ ಬೇಸರ, ಸಿಡುಕು, ಚಡಪಡಿಕೆ, ನಿದ್ದೆಗೇಡು ಶುರುವಾಗುತ್ತವೆ. ಮೊದಲ ವಾರ ಅತಿ ಕಷ್ಟ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ಇದು ನಿಕೋಟಿನ್ ಇಳಿತದ ಬೇಸರ. ಖಿನ್ನತೆಯೂ ಹೊರಗಿನಿಂದ ನೋಡಲು ಹೀಗೇ ಇರುತ್ತದೆ, ಆದರೆ ಅದರ ನಡಿಗೆ ಬೇರೆ. ಬೇರ್ಪಡಿಸಲು ಒಂದು ಸಣ್ಣ ನೋಟ್‌ಬುಕ್ ಸಾಕು. ದಿನಕ್ಕೆ ನಾಲ್ಕು ಹೊತ್ತು, ಎದ್ದಾಗ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ, ಎರಡೇ ಅಂಕೆ ಬರೆಯಿರಿ: ತಲಬು ಹತ್ತಕ್ಕೆ ಎಷ್ಟು, ಮನಸ್ಸಿನ ಭಾರ ಹತ್ತಕ್ಕೆ ಎಷ್ಟು. ಪಕ್ಕದಲ್ಲಿ ಕೊನೆಯ ಗಮ್ ಹಾಕಿಕೊಂಡ ಹೊತ್ತು. ಸಾಲು ಹೀಗಿರುತ್ತದೆ: "ಸಂಜೆ 5.30, ತಲಬು 8, ಭಾರ 7, ಕೊನೆಯ ಗಮ್ 1.15ಕ್ಕೆ." ನಾಲ್ಕು ಗಂಟೆ ಗಮ್ ಇಲ್ಲದೆ ಭಾರ ಏರಿದ್ದು, ಸರಿಯಾಗಿ ಒಂದು ಗಮ್ ಹಾಕಿಕೊಂಡ ಅರ್ಧ ಮುಕ್ಕಾಲು ಗಂಟೆಯಲ್ಲಿ 7ರಿಂದ 4ಕ್ಕೆ ಬಂದರೆ ಅದು ನಿಕೋಟಿನ್ ಕೊರತೆಯ ಬೇಸರ. ಅಂಥವರು ಗಮ್ ಹೆಚ್ಚಿಸಬೇಕು. ತಲಬು 2ಕ್ಕೆ ಇಳಿದಿದ್ದರೂ ಭಾರ 7ರಲ್ಲೇ ನಿಂತಿದ್ದರೆ, ಇಷ್ಟದ ಕೆಲಸವೂ ಬೇಡವೆನಿಸಿದರೆ, ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿದ್ದರೆ, ತಾನು ಯಾತಕ್ಕೂ ಬಾರದವನು ಅನ್ನಿಸುತ್ತಿದ್ದರೆ, ಇದೆಲ್ಲ ದಿನದ ಬಹುಪಾಲು ಎರಡು ವಾರ ನಡೆದರೆ ಎಷ್ಟು ಗಮ್ ಅಗಿದರೂ ಹೋಗುವುದಿಲ್ಲ. ಅದಕ್ಕೆ ಮನೋವೈದ್ಯರೇ ಬೇಕು. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ, ಅದೇ ದಿನ, ಅದೇ ಗಂಟೆ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ, ಕನ್ನಡದಲ್ಲಿ. ಜೊತೆಗೆ ಮನೆಯ ಒಬ್ಬರಿಗೆ ಬಾಯಿಬಿಟ್ಟು ಹೇಳಬೇಕು. ನೋಟ್‌ಬುಕ್ಕನ್ನು ವೈದ್ಯರಿಗೆ ತೋರಿಸಿ. "ಬೇಜಾರು ಡಾಕ್ಟ್ರೇ" ಎನ್ನುವುದಕ್ಕಿಂತ ಆ ಎರಡು ಸಾಲು ಅಂಕೆ ಅವರಿಗೆ ಹೆಚ್ಚು ಹೇಳುತ್ತವೆ.

ಗಮ್ಮಿನ ಡಬ್ಬಿಯ ಮೇಲೆ ದೊಡ್ಡದಾಗಿ ಹೇಳದ, ಆದರೆ ಖಿನ್ನತೆ ಇರುವವರು ತಿಳಿಯಲೇಬೇಕಾದ ಸಂಗತಿ ಒಂದಿದೆ. ಸಿಗರೇಟಿನ ಹೊಗೆಯಲ್ಲಿರುವ ಟಾರಿನ ಅಂಶಗಳು ಲಿವರಿನ ಒಂದು ಕಿಣ್ವವನ್ನು ಚುರುಕುಗೊಳಿಸಿರುತ್ತವೆ. ಆ ಕಿಣ್ವ ಕೆಲವು ಔಷಧಿಗಳನ್ನು ಬೇಗ ಬೇಗ ಕರಗಿಸುತ್ತಿರುತ್ತದೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಕಿಣ್ವ ಮಂದವಾಗುತ್ತದೆ, ಅದೇ ಮಾತ್ರೆ ರಕ್ತದಲ್ಲಿ ಹೆಚ್ಚಾಗಿ ನಿಲ್ಲುತ್ತದೆ. ಒಲಾಂಜಪಿನ್, ಕ್ಲೋಜಪಿನ್ ತೆಗೆದುಕೊಳ್ಳುವವರಲ್ಲಿ ಇದು ಗಂಭೀರ. ಡ್ಯುಲೋಕ್ಸೆಟಿನ್, ಫ್ಲುವೋಕ್ಸಮಿನ್‌ಗಳಲ್ಲೂ ಆಗುತ್ತದೆ. ಸರ್ಟ್ರಲಿನ್, ಎಸಿಟಲೋಪ್ರಾಂ ತೆಗೆದುಕೊಳ್ಳುವವರಿಗೆ ಈ ತೊಂದರೆ ಅಷ್ಟಾಗಿ ಇಲ್ಲ. ಗಮ್ ಹಾಕಿಕೊಂಡರೂ ಇದು ತಪ್ಪುವುದಿಲ್ಲ, ಏಕೆಂದರೆ ಕಿಣ್ವವನ್ನು ಕೆಣಕುವುದು ಹೊಗೆ, ನಿಕೋಟಿನ್ ಅಲ್ಲ. ಆದ್ದರಿಂದ ಬಿಡುವ ದಿನ ಗೊತ್ತು ಮಾಡುವ ಮೊದಲೇ ವೈದ್ಯರಿಗೆ ತಿಳಿಸಿ. ಮಾತ್ರೆಯ ಪ್ರಮಾಣವನ್ನು ಅವರೇ ಬದಲಿಸಲಿ, ನೀವಾಗಿ ಅರ್ಧ ಮಾಡಿಕೊಳ್ಳಬೇಡಿ. ಖಿನ್ನತೆಯ ಮಾತ್ರೆ ಹೊಸದಾಗಿ ಶುರುವಾದ ಅಥವಾ ಬದಲಾದ ವಾರಗಳಲ್ಲಿ ಸಿಗರೇಟು ಬಿಡಲು ಹೊರಡದೆ, ಸ್ವಲ್ಪ ನೆಲೆ ನಿಂತ ಮೇಲೆ ಹೊರಡುವುದು ಲೇಸು.

ಕೆಫೀನ್ ಕರಗಿಸುವುದೂ ಅದೇ ಕಿಣ್ವ. ದಿನಕ್ಕೆ ನಾಲ್ಕು ಲೋಟ ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿಯುವವರ ರಕ್ತದಲ್ಲಿ, ಸಿಗರೇಟು ನಿಂತ ಮೇಲೆ ಅದೇ ನಾಲ್ಕು ಲೋಟಕ್ಕೆ ಸುಮಾರು ಎರಡರಷ್ಟು ಕೆಫೀನ್ ನಿಲ್ಲುತ್ತದೆ. ಎದೆ ಡವಡವ, ಕೈ ನಡುಕ, ರಾತ್ರಿ ಎರಡರವರೆಗೂ ಕಣ್ಣು ಮುಚ್ಚದಿರುವುದು, ಮರುದಿನ ಅಳು ಬರುವಷ್ಟು ಆಯಾಸ. ಇದನ್ನು ಖಿನ್ನತೆ ಮರುಕಳಿಸಿತು ಎಂದೇ ಜನ ಹೆದರುತ್ತಾರೆ. ಬಿಡುವ ದಿನದಿಂದಲೇ ಕಾಫಿಯನ್ನು ಅರ್ಧಕ್ಕೆ ಇಳಿಸಿ, ಮಧ್ಯಾಹ್ನ ಎರಡರ ನಂತರ ಬೇಡ. ಡಿಕಾಕ್ಷನ್ ಕಡಿಮೆ, ಹಾಲು ಜಾಸ್ತಿ ಹಾಕಿಸಿಕೊಂಡರೂ ಆದೀತು. ಪೂರ್ತಿ ನಿಲ್ಲಿಸಿದರೆ ತಲೆನೋವು ಬೇರೆ ಸೇರಿಕೊಳ್ಳುತ್ತದೆ.

ಗಮ್ ತುಂಬಲಾರದ ಇನ್ನೊಂದು ಜಾಗವೂ ಇದೆ. ಬೆಂಗಳೂರಿನಂಥ ಊರಿನಲ್ಲಿ ಸಿಗರೇಟು ಎಂದರೆ ಬೇಕರಿ ಮುಂದೆ ನಿಂತು ಅರ್ಧ ಟೀ, ಹತ್ತು ನಿಮಿಷ ಮಾತು. ಅದನ್ನು ದಿನಕ್ಕೆ ಆರೇಳು ಸಲ ಮಾಡುತ್ತಿದ್ದವರಿಗೆ ಸಿಗರೇಟಿನ ಜೊತೆ ಹೊರಗಾಳಿಯೂ ನಾಲ್ಕು ಜನರೂ ಒಟ್ಟಿಗೆ ಕೈತಪ್ಪುತ್ತಾರೆ. ಖಿನ್ನತೆಗೆ ಇಂಥ ಒಂಟಿತನ ಬಹಳ ಕೆಟ್ಟದ್ದು. ಬಿಡುವನ್ನು ಕೈಬಿಡದೆ ಅದೇ ಹೊತ್ತಿಗೆ ಎದ್ದು ಹೊರಗೆ ಹೋಗಿ, ಬೇಕರಿಯ ವಿರುದ್ಧ ದಿಕ್ಕಿಗೆ ಹತ್ತು ನಿಮಿಷ ಚುರುಕಾಗಿ ನಡೆದು ಬನ್ನಿ. ಅಷ್ಟು ನಡಿಗೆಯಿಂದಲೇ ತಲಬು ಇಳಿಯುತ್ತದೆ. ಸೇದದ ಒಬ್ಬ ಸಹೋದ್ಯೋಗಿ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಬಾಯಾಡಿಸಲು ಸೌತೆಕಾಯಿ, ಹುರಿಗಡಲೆ ಇರಲಿ. ಅಡಿಕೆ ಬೇಡ. ಸಿಹಿ ಅಡಿಕೆ ನಿರುಪದ್ರವಿ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಆದರೆ ಅಡಿಕೆಯೊಂದೇ ಸಾಕು, ತಂಬಾಕು ಸೇರದಿದ್ದರೂ ಬಾಯಿ ಕ್ಯಾನ್ಸರ್ ತರಲು.

"ಸಿಗರೇಟೇ ನನ್ನ ಮನಸ್ಸನ್ನು ಹಿಡಿದಿಟ್ಟಿದೆ, ಬಿಟ್ಟರೆ ಕುಸಿಯುತ್ತೇನೆ" ಎಂಬ ಭಯಕ್ಕೂ ಉತ್ತರವಿದೆ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿತು. ಬಿಟ್ಟವರಲ್ಲಿ ಖಿನ್ನತೆ, ಆತಂಕ, ಒತ್ತಡ ಮೂರೂ ಸೇದುತ್ತ ಉಳಿದವರಿಗಿಂತ ಕಡಿಮೆಯಾಗಿದ್ದವು, ಮೊದಲೇ ಮಾನಸಿಕ ಕಾಯಿಲೆ ಇದ್ದವರಲ್ಲೂ. ಸಿಗರೇಟು ಹಚ್ಚಿದಾಗ ಸಿಗುವ ನೆಮ್ಮದಿಯ ದೊಡ್ಡ ಪಾಲು ಹಿಂದಿನ ಸಿಗರೇಟು ಬಿಟ್ಟುಹೋದ ಕೊರತೆ ತುಂಬಿದ್ದು. ಆದರೂ ಮೊದಲ ನಾಲ್ಕು ವಾರ ಈ ಮಾತು ಸಮಾಧಾನ ಕೊಡದು, ಅದು ನಿಜವೆನಿಸಲು ತಿಂಗಳುಗಳು ಬೇಕು.

ಗಮ್ ಒಂದರಿಂದಲೇ ಆಗದಿದ್ದರೆ ಮುಂದಿನ ಹೆಜ್ಜೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಮತ್ತು ಗಮ್ ಜೋಡಿ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರಿಗೆ 21 ಮಿ.ಗ್ರಾಂ ಪ್ಯಾಚ್ ಆರು ವಾರ, 14 ಎರಡು ವಾರ, 7 ಎರಡು ವಾರ, ತಲಬು ಎದ್ದಾಗ ಮಧ್ಯೆ ಗಮ್. ಒಂದನ್ನೇ ಬಳಸುವುದಕ್ಕಿಂತ ಈ ಜೋಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಪ್ಯಾಚ್ ಹಾಕಿ ಮಲಗಿದರೆ ವಿಚಿತ್ರ ಕನಸು ಬೀಳುವವರು ರಾತ್ರಿ ತೆಗೆದಿಡಬಹುದು. ಖಿನ್ನತೆ ಇರುವವರು ವೈದ್ಯರ ಬಳಿ ಬುಪ್ರೋಪಿಯಾನ್ ಬಗ್ಗೆ ಕೇಳಿ ನೋಡಲಿ. ಅದು ಖಿನ್ನತೆಗೂ ಕೊಡುವ ಮಾತ್ರೆ, ಸಿಗರೇಟು ಬಿಡಿಸಲೂ ಬರುತ್ತದೆ, ಬಿಡುವ ದಿನಕ್ಕೆ ಒಂದೆರಡು ವಾರ ಮೊದಲೇ ಶುರು ಮಾಡಬೇಕು. ಫಿಟ್ಸ್ ಬಂದಿರುವವರಿಗೆ ಅದು ಸಲ್ಲ. ಸಿಗರೇಟು ಬಿಡಿಸುವ ಇನ್ನೊಂದು ಮಾತ್ರೆ ವರೆನಿಕ್ಲಿನ್ ಮನಸ್ಸು ಕೆಡಿಸುತ್ತದೆ ಎಂಬ ಹೆದರಿಕೆ ಮೊದಲು ದೊಡ್ಡದಾಗಿತ್ತು. ಎಂಟು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಈಗಲ್ಸ್ ಪ್ರಯೋಗದ ಫಲಿತಾಂಶ 2016ರಲ್ಲಿ ಬಂದ ನಂತರ ಅಮೆರಿಕದಲ್ಲಿ ಡಬ್ಬಿಯ ಮೇಲಿನ ಆ ಕಟ್ಟೆಚ್ಚರಿಕೆ ತೆಗೆದರು.

ಫೋನ್ ನೆರವು ಗಮ್ಮಿಗೆ ಒಳ್ಳೆಯ ಜೊತೆ. ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿರುವ 1800-11-2356 ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಕ್ವಿಟ್‌ಲೈನ್, ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಗಳಲ್ಲೊಂದು, ಕನ್ನಡದಲ್ಲಿ ಮಾತಾಡಬಹುದು. ಬೆಳಿಗ್ಗೆ 8ರಿಂದ ರಾತ್ರಿ 8, ಸೋಮವಾರ ರಜೆ. ಹಾಗಾಗಿ ಭಾನುವಾರ ಬಿಡುವ ದಿನ ಇಟ್ಟುಕೊಳ್ಳಬೇಡಿ, ಎರಡನೆಯ ದಿನವೇ ಕರೆಗೆ ಯಾರೂ ಇರುವುದಿಲ್ಲ. ಮಂಗಳವಾರ ಒಳ್ಳೆಯದು, ಕಷ್ಟದ ಮೊದಲ ಆರು ದಿನ ನೆರವು ಕೈಗೆಟುಕುತ್ತದೆ.

ಗಮ್ಮಿನ ಕುಂದುಗಳನ್ನೂ ಹೇಳಬೇಕು. ದವಡೆ ನೋಯುತ್ತದೆ. ಕಟ್ಟಿಸಿದ ಹಲ್ಲಿರುವವರಿಗೆ ಅಂಟಿಕೊಳ್ಳುತ್ತದೆ, ಅವರು ಚೀಪುವ ನಿಕೋಟಿನ್ ಲಾಜೆಂಜ್ ತೆಗೆದುಕೊಳ್ಳಲಿ. ಹೃದಯಾಘಾತವಾಗಿ ಹೆಚ್ಚು ದಿನವಾಗದವರು, ಬಸುರಿಯರು ವೈದ್ಯರನ್ನು ಕೇಳದೆ ಬಳಸಬಾರದು. ಅಗಿದುಳಿದ ಗಮ್ಮಿನಲ್ಲೂ ನಿಕೋಟಿನ್ ಇರುತ್ತದೆ, ಕಾಗದದಲ್ಲಿ ಸುತ್ತಿ ಮಕ್ಕಳ, ನಾಯಿಗಳ ಬಾಯಿಗೆ ಸಿಗದಂತೆ ಎಸೆಯಿರಿ. ನಡುವೆ ಒಂದು ಸಿಗರೇಟು ಸೇದಿಬಿಟ್ಟರೆ ಗಮ್ ನಿಲ್ಲಿಸಬೇಡಿ, ಮುಂದಿನ ಗಮ್ಮಿನ ಹೊತ್ತಿಗೆ ಮುಂದಿನ ಗಮ್. ಖಿನ್ನತೆ ಇರುವವರ ಮನಸ್ಸು ಆ ಒಂದು ಸಿಗರೇಟನ್ನೇ ದೊಡ್ಡ ಅಪರಾಧ ಮಾಡಿ ತೋರಿಸುತ್ತದೆ. ಆ ಮಾತಿಗೆ ಕಿವಿಗೊಡಬೇಡಿ, ನೋಟ್‌ಬುಕ್ಕಿನಲ್ಲಿ ಹೊತ್ತು ಬರೆದು ಮುಂದೆ ಹೋಗಿ.

ಇಳಿಸುವಾಗ ಅವಸರ ಬೇಡ. ಹನ್ನೆರಡು ವಾರ ಮುಗಿದರೂ ದಿನಕ್ಕೆ ಎರಡು ಮೂರು ಬೇಕೆನಿಸಿದರೆ ವೈದ್ಯರಿಗೆ ತಿಳಿಸಿ ಮುಂದುವರಿಸಬಹುದು, ಸಿಗರೇಟಿಗೆ ಮರಳುವುದಕ್ಕಿಂತ ಅದು ಎಷ್ಟೋ ವಾಸಿ. ಗಮ್ಮನ್ನು ಬ್ಲೇಡಿನಿಂದ ಅರ್ಧ ಮಾಡಿ, ಒಂದು ಹೊತ್ತು ಅರ್ಧ, ಒಂದು ಹೊತ್ತು ಮಾಮೂಲಿ ಸಕ್ಕರೆರಹಿತ ಗಮ್. ಮನಸ್ಸಿನ ಭಾರ ಏರಿರುವ ವಾರದಲ್ಲಿ ಇಳಿಸಬೇಡಿ, ಇದ್ದಷ್ಟೇ ಇರಲಿ. ಪೂರ್ತಿ ನಿಂತ ಮೇಲೂ ಒಂದು ಸ್ಟ್ರಿಪ್ ಬ್ಯಾಗಿನಲ್ಲಿರಲಿ. ಪ್ಯಾಂಟಿನ ಹಿಂಜೇಬಿನಲ್ಲಿ ಬೇಡ, ಕೂತು ಕೂತು ಹಾಳೆ ಒಡೆದು ಗಮ್ ಒಣಗಿ ಕಲ್ಲಾಗುತ್ತದೆ. ಮದುವೆ ಮನೆ, ಸಾವಿನ ಮನೆ, ಊರಿನ ಜಾತ್ರೆ, ಹಳೆಯ ಗೆಳೆಯರ ರೂಮು, ಇಂಥ ಕಡೆ ಹೋಗುವ ಮುಂಚೆ ಸ್ಟ್ರಿಪ್ಪಿನ ಹಿಂದಿರುವ ಅವಧಿ ಮುಗಿಯುವ ತಿಂಗಳನ್ನು ಒಮ್ಮೆ ನೋಡಿಕೊಳ್ಳಿ.