ರಿಪೋರ್ಟ್‌ಬಗ್: ಅನುವಾದ ಕಳಿಸೋರು ಒಂದ್ಸಲ ಕೂತು ಸೆಟಪ್ ಮಾಡ್ಕೊಳ್ಳಿ

ಡೆಬಿಯನ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ಗೆ ಅನುವಾದ ಮಾಡೋಕೆ ಹೊರಟೋರು ಎಷ್ಟೋ ಜನ, ಮೂಲ ಸಾಲು ಮತ್ತೆ ಅದರ ಅನುವಾದ ಇರೋ ಪಿಒ ಫೈಲ್ ಪೂರ್ತಿ ಮುಗಿಸಿ, ಇದನ್ನ ಈಗ ಯಾರ ಕೈಗೆ ಕೊಡೋದು ಅಂತ ಗೊತ್ತಾಗ್ದೆ ಅಲ್ಲೇ ನಿಂತುಬಿಡ್ತಾರೆ. ನಾನೂ ನಿಂತಿದ್ದೆ. ಪ್ಯಾಕೇಜ್, ಅಂದ್ರೆ ಡೆಬಿಯನ್‌ನ ಒಂದೊಂದು ಸಾಫ್ಟ್‌ವೇರ್, ಇನ್‌ಸ್ಟಾಲ್ ಆಗುವಾಗ ಕೇಳೋ ಪ್ರಶ್ನೆಗಳಿರ್ತಾವಲ್ಲ, ಆ ಡೆಬ್‌ಕಾನ್ಫ್ ಅನುವಾದಗಳು ಬಗ್ ರಿಪೋರ್ಟ್ (ತಪ್ಪು, ಕೋರಿಕೆ ತಿಳಿಸೋ ವರದಿ) ಆಗಿ ಈಮೇಲ್‌ನಲ್ಲೇ ಹೋಗ್ಬೇಕು, ಡೆಬಿಯನ್‌ನ ಬಗ್ ಸಿಸ್ಟಮ್‌ಗೆ ವೆಬ್ ಫಾರ್ಮ್ ಅನ್ನೋದೇ ಇಲ್ಲ. ಕೈಯಲ್ಲೇ ಮೇಲ್ ಬರೆದು ಕಳಿಸ್ಬಹುದು, ಆದ್ರೆ ಮೇಲಿನ ಸಾಲುಗಳಲ್ಲಿ ಪ್ಯಾಕೇಜ್ ಹೆಸರು, ವರ್ಷನ್, ಟ್ಯಾಗ್ ಎಲ್ಲಾ ಸರಿಯಾದ ರೀತಿಲಿ ಇರ್ಬೇಕು. ಆ ಕೆಲಸ ಟರ್ಮಿನಲ್‌ನಲ್ಲಿ ಓಡಿಸೋ ರಿಪೋರ್ಟ್‌ಬಗ್ ಅನ್ನೋ ಪ್ರೋಗ್ರಾಮ್ ಮಾಡ್ಕೊಡುತ್ತೆ.

ಮೊದಲ ಸಲ ಓಡಿಸಿದಾಗ ಅದೇ ಒಂದೊಂದಾಗಿ ಪ್ರಶ್ನೆ ಕೇಳುತ್ತೆ, ಆಮೇಲೆ ಬದಲಾಯಿಸ್ಬೇಕು ಅನ್ಸಿದ್ರೆ ರಿಪೋರ್ಟ್‌ಬಗ್ ಅಂತ ಬರೆದು ಎರಡು ಡ್ಯಾಶ್ ಹಾಕಿ ಕಾನ್ಫಿಗರ್ ಅಂತ ಕೊಡಿ. ಮೋಡ್ ಯಾವ್ದು ಅಂತ ಕೇಳಿದಾಗ ನೋವಿಸ್, ಸ್ಟ್ಯಾಂಡರ್ಡ್, ಅಡ್ವಾನ್ಸ್ಡ್, ಎಕ್ಸ್‌ಪರ್ಟ್ ಅಂತ ನಾಲ್ಕು ಬರುತ್ತೆ, ಅನುವಾದಕ್ಕೆ ಸ್ಟ್ಯಾಂಡರ್ಡ್ ಸಾಕು, ಎಕ್ಸ್‌ಪರ್ಟ್ ತಗೊಂಡ್ರೆ ನಮ್ಮನ್ನ ತಡೆದು ಎಚ್ಚರಿಸೋ ಪ್ರಶ್ನೆಗಳೇ ಬಿಟ್ಟುಹೋಗ್ತವೆ. ಆಮೇಲೆ ಹೆಸರು, ಈಮೇಲ್ ವಿಳಾಸ. ಇಲ್ಲಿ ದಯವಿಟ್ಟು ಸ್ವಲ್ಪ ಯೋಚಿಸಿ ಹಾಕಿ, ಯಾಕಂದ್ರೆ ಕಳಿಸಿದ ರಿಪೋರ್ಟ್ ವಿಳಾಸ ಸಮೇತ ಎಲ್ಲರಿಗೂ ಕಾಣೋ ಹಾಗೆ ಇರುತ್ತೆ. ಅನುವಾದಕ್ಕೇ ಅಂತ ಬೇರೆ ವಿಳಾಸ ಇಟ್ಕೊಳ್ಳೋದು ಒಳ್ಳೇದು.

ನನಗೆ ಟೈಮ್ ತಿಂದಿದ್ದು ಮೇಲ್ ಸರ್ವರ್ ಭಾಗ. ನನ್ನ ಮೇಲ್ ಕಂಪನಿಯ ಸರ್ವರ್ ಹೆಸರು, 587 ಪೋರ್ಟ್, ಟಿಎಲ್‌ಎಸ್ ಹೌದು, ಎಲ್ಲಾ ಕೊಟ್ಟೆ, ಪಾಸ್‌ವರ್ಡ್ ತಪ್ಪು ಅಂತ ಮತ್ತೆಮತ್ತೆ ವಾಪಸ್ ಬಂತು, ಒಂದು ಸಂಜೆ ಪೂರ್ತಿ ಅದರ ಹಿಂದೇನೇ ಹೋಯ್ತು. ಎರಡು ಹಂತದ ಲಾಗಿನ್ ಆನ್ ಇದ್ರೆ ಮಾಮೂಲಿ ಪಾಸ್‌ವರ್ಡ್ ನಡಿಯಲ್ಲ, ಆಪ್ ಪಾಸ್‌ವರ್ಡ್ ಅಂತ ಬೇರೆ ಮಾಡಿಸ್ಬೇಕು ಅಂತ ಆಮೇಲೆ ತಿಳೀತು. ಅಷ್ಟೆಲ್ಲಾ ಬೇಡ ಅನ್ನೋರು ಸರ್ವರ್ ಹೆಸರು ಕೇಳಿದಾಗ ಏನೂ ಬರೀದೆ ಎಂಟರ್ ಒತ್ತಿ, ಡೆಬಿಯನ್‌ನವರೇ ಇಟ್ಟಿರೋ ಸರ್ವರ್ ಮೂಲಕ ಹೋಗುತ್ತೆ. ಇನ್ನೊಂದು, ಪಾಸ್‌ವರ್ಡನ್ನ ಸೆಟಿಂಗ್ ಫೈಲ್ ಒಳಗೆ ಬರೆದಿಡ್ಬೇಡಿ, ಯೂಸರ್ ಹೆಸರು ಮಾತ್ರ ಇದ್ರೆ ಕಳಿಸೋ ಹೊತ್ತಿಗೆ ಅದೇ ಕೇಳ್ಕೊಳ್ಳುತ್ತೆ. ಆ ಫೈಲ್ ಹೋಮ್ ಫೋಲ್ಡರ್‌ನಲ್ಲಿ ಡಾಟ್‌ನಿಂದ ಶುರುವಾಗೋ ಹೆಸರಲ್ಲಿ ಅಡಗಿರುತ್ತೆ, ಮಾಮೂಲಿ ಲಿಸ್ಟ್‌ನಲ್ಲಿ ಕಾಣಲ್ಲ.

ಇಷ್ಟಾದ್ಮೇಲೆ ಕೆಲಸ ಒಂದೇ ಸಾಲಿನ ಕಮಾಂಡ್. ಅಟ್ಯಾಚ್‌ಗೆ ಪಿಒ ಫೈಲ್, ಟ್ಯಾಗ್ ಎಲ್10ಎನ್ (ಲೋಕಲೈಸೇಷನ್, ಅಂದ್ರೆ ಭಾಷೆಗೆ ಒಗ್ಗಿಸೋದು) ಮತ್ತೆ ಪ್ಯಾಚ್, ಸಿವಿಯಾರಿಟಿ ಅಂದ್ರೆ ಬಗ್ ಎಷ್ಟು ಗಂಭೀರ ಅನ್ನೋದಕ್ಕೆ ವಿಶ್‌ಲಿಸ್ಟ್, ಕೊನೇಲಿ ಪ್ಯಾಕೇಜ್ ಹೆಸರು. ಸಬ್ಜೆಕ್ಟ್‌ನಲ್ಲಿ ಚೌಕ ಬ್ರ್ಯಾಕೆಟ್ ಒಳಗೆ ಐಎನ್‌ಟಿಎಲ್, ಕೋಲನ್, ಭಾಷೆಯ ಕೋಡ್ ಹಾಕೋದು ರೂಢಿ, ಕನ್ನಡಕ್ಕೆ ಕೆಎನ್. ಆ ಪ್ಯಾಕೇಜ್ ಮೇಲೆ ಈಗಾಗ್ಲೇ ಇರೋ ಬಗ್‌ಗಳನ್ನೂ ಅದು ತೋರಿಸುತ್ತೆ, ಅದನ್ನ ಓದ್ದೆ ಮುಂದೆ ಹೋಗ್ಬೇಡಿ, ನಿಮಗಿಂತ ಮುಂಚೆ ಯಾರಾದ್ರೂ ಅದೇ ಅನುವಾದ ಕಳಿಸಿರ್ಬಹುದು. ಫೈಲ್ ಅಟ್ಯಾಚ್ ಆಗೇ ಹೋಗ್ಲಿ, ಮೇಲ್ ಒಳಗೆ ಪೇಸ್ಟ್ ಮಾಡಿದ್ರೆ ಉದ್ದ ಸಾಲುಗಳು ಮುರಿದು ಪಿಒ ಕೆಟ್ಟೋಗೋ ಚಾನ್ಸ್ ಇದೆ.

ನನಗೆ ಇದ್ರಲ್ಲಿ ತುಂಬಾ ಇಷ್ಟ ಆಗಿದ್ದು ಡಿಬಗ್ ಆಪ್ಷನ್. ಒಂದು ಡ್ಯಾಶ್, ಸಣ್ಣ ಡಿ ಅಕ್ಷರ, ಅಷ್ಟೇ. ರಿಪೋರ್ಟ್ ಡೆಬಿಯನ್‌ಗೆ ಹೋಗ್ದೆ ನಿಮ್ಮ ಇನ್‌ಬಾಕ್ಸ್‌ಗೇ ಬರುತ್ತೆ, ಅಟ್ಯಾಚ್ ಆಗಿದ್ಯಾ, ಕನ್ನಡ ಅಕ್ಷರ ಸರಿಯಾಗಿ ಬಂದಿದ್ಯಾ ಎಲ್ಲಾ ನೋಡ್ಕೋಬಹುದು. ಹೊಸಬರಿಗೆ ಇರೋ ದೊಡ್ಡ ಭಯವೇ ತಪ್ಪು ಮೇಲ್ ಎಲ್ಲರ ಮುಂದೆ ಹೋಗಿಬಿಟ್ರೆ ಅನ್ನೋದು, ಆ ಭಯ ಇದರಿಂದ ಹೋಗುತ್ತೆ.

ಒಂದು ಕೊರತೆ ಅಂದ್ರೆ ಇದು ಪಿಒ ಫೈಲ್ ಒಳಗೆ ಇಣುಕಿ ನೋಡಲ್ಲ. ನಾನು ಒಂದ್ಸಲ ಒಂದು ಮುಚ್ಚದ ಕೋಟ್ ಇಟ್ಕೊಂಡೇ ಕಳಿಸಿದ್ದೆ, ಆ ಪ್ಯಾಕೇಜ್ ನೋಡ್ಕೊಳ್ಳೋ ಮೇಂಟೇನರ್ ಸಮಾಧಾನದಿಂದ ತಿಳಿಸಿದ್ರು, ಆದ್ರೂ ಅವರ ಟೈಮ್ ಹಾಳಾಯ್ತಲ್ಲ ಅಂತ ಬೇಜಾರಾಯ್ತು. ಅದಕ್ಕೇ ಕಳಿಸೋ ಮುಂಚೆ ಪಿಒ ಫೈಲ್ ಪರೀಕ್ಷಿಸೋ ಎಂಎಸ್‌ಜಿಎಫ್‌ಎಂಟಿ ಕಮಾಂಡ್‌ಗೆ ಸಿ ಮತ್ತೆ ವಿ ಆಪ್ಷನ್ ಹಾಕಿ ಓಡಿಸಿ, ತಪ್ಪೂ ಹೇಳುತ್ತೆ, ಫಝಿ (ಇನ್ನೊಮ್ಮೆ ನೋಡ್ಬೇಕಾದ ಸಾಲು) ಎಷ್ಟು, ಖಾಲಿ ಎಷ್ಟು ಅಂತ ಲೆಕ್ಕನೂ ಕೊಡುತ್ತೆ. ಇನ್ನು ರಿಪೋರ್ಟ್ ಕೊನೇಲಿ ಕರ್ನಲ್, ಲೋಕೇಲ್ (ಭಾಷೆಯ ಸೆಟಿಂಗ್) ಅಂತ ನಿಮ್ಮ ಸಿಸ್ಟಮ್ ಮಾಹಿತಿ ತಾನಾಗೇ ಸೇರ್ಕೊಂಡಿರುತ್ತೆ, ಅನುವಾದಕ್ಕೆ ಅದ್ರಿಂದ ಏನೂ ಉಪಯೋಗ ಇಲ್ಲ, ಎಡಿಟರ್ ತೆರೆದಾಗ ಅಳಿಸಿಬಿಡಿ.

ಕಳಿಸಿದ ಸ್ವಲ್ಪ ಹೊತ್ತಿಗೆ ಬಗ್ ನಂಬರ್ ಮೇಲ್‌ನಲ್ಲಿ ಬರುತ್ತೆ. ಡೆಬಿಯನ್ ಬಗ್‌ಗಳ ಲೆಕ್ಕ 2021ರಲ್ಲೇ 10 ಲಕ್ಷ ದಾಟಿದೆ, ಅಷ್ಟರ ಮಧ್ಯೆ ನಮ್ಮ ನಾಲ್ಕು ಸಾಲಿನ ಅನುವಾದಕ್ಕೂ ಒಂದು ನಂಬರ್ ಇರುತ್ತೆ, ಮೇಂಟೇನರ್ ತಿಂಗಳುಗಟ್ಟಲೆ ಬಿಝಿ ಇದ್ರೂ ಅದು ಕಳೆದುಹೋಗಲ್ಲ. ತಿದ್ದಿದ ಫೈಲ್ ಕಳಿಸ್ಬೇಕಾದ್ರೆ ಹೊಸ ರಿಪೋರ್ಟ್ ಮಾಡ್ಬೇಡಿ, ಅದೇ ನಂಬರಿನ ವಿಳಾಸಕ್ಕೆ ಉತ್ತರ ಬರೆದು ಅಟ್ಯಾಚ್ ಮಾಡಿ.